ಚನ್ನಬಸವ್ವನ ಸೋಫಾ-ಕಮ್-ಬೆಡ್

ಪುಣೆಯಲ್ಲಿ ದೊಡ್ಡ ದೊಡ್ಡ ಮನೆ ಇದ್ದವರೂ ನೆಂಟರು ಬಂದರೆ ಮುಖ ಸಣ್ಣದು ಮಾಡಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಅಂಥವರ ಹೆಸರು ಹೇಳುವುದಿಲ್ಲ, ಹೇಳಿದರೆ ಜಗಳವಾಗುತ್ತದೆ. ನಮ್ಮ ಎದುರು ಮನೆಯ ಚನ್ನಬಸವ್ವನ ಹೆಸರನ್ನು ಮಾತ್ರ ಎಲ್ಲಿ ಬೇಕಾದರೂ ಧೈರ್ಯವಾಗಿ ಹೇಳುತ್ತೇನೆ.

ಅವಳ ಗಂಡ ರಾಮಲಿಂಗಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಅಷ್ಟೇ. ಅವರ ಊರಿನ ಕಡೆಯ ಇಂಡಿ ತಾಲೂಕಿನಿಂದ ದವಾಖಾನೆಗೆ ಬಂದವರು, ಪರೀಕ್ಷೆಗೆ ಬಂದವರು, ಆಮೇಲಾಮೇಲೆ ಹಿಂಜವಾಡಿಯ ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸ ಹುಡುಕಿಕೊಂಡು ಬಂದವರು, ಎಲ್ಲರೂ ಚೀಲ ಇಳಿಸುತ್ತಿದ್ದದ್ದು ಅಲ್ಲೇ. ಅದಕ್ಕೆಂದೇ ೧೯೯೮ರಲ್ಲಿ ಬಡಗಿಯನ್ನು ಹಿಡಿದು ತಂದು, ತನ್ನ ಹರಕು ಮರಾಠಿಯಲ್ಲಿ ಅವನನ್ನು ದಬಾಯಿಸಿ, ಸೋಫಾ-ಕಮ್-ಬೆಡ್ ಮಾಡಿಸಿದಳು. ಹಗಲು ಕೂರುವ ಸೋಫಾ, ಕೆಳಗಿನ ಹಲಗೆ ಎಳೆದರೆ ಮಂಚ. ಬಂದವರೆಲ್ಲ ಹೊಗಳಿ ಹೋದರು.

ಬಾರದವನು ಒಬ್ಬನೇ, ಅವಳ ಸ್ವಂತ ಅಣ್ಣ ಮಲಕಪ್ಪ. ೧೯೯೩ರಲ್ಲಿ ಅವಳ ಮಗ ರೋಹಿತನ ತೊಟ್ಟಿಲ ಕಾರ್ಯಕ್ಕೆ ಬಂದಾಗ ಮನೆಯಲ್ಲಿ ಇದ್ದದ್ದು ಒಂದೇ ಒಂದು ಕಬ್ಬಿಣದ ಮಂಚ. ಮನೆಗೆ ಬಂದ ಬೀಗರು ಮೇಲೆ ಮಲಗಬೇಕೆಂದು ರಾಮಲಿಂಗಪ್ಪನ ಹಟ. ತಂಗಿಯ ಗಂಡ ಎಂದರೆ ಮನೆಯ ಅಳಿಯ, ಅಳಿಯ ನೆಲದ ಮೇಲಿರುವಾಗ ತಾನು ಮಂಚ ಏರುವುದೇ ಎಂದು ಮಲಕಪ್ಪನ ಹಟ. ಕೊನೆಗೆ ಇಬ್ಬರೂ ನೆಲದ ಮೇಲೆ ಮಲಗಿದರು, ಮಂಚ ಖಾಲಿ ಬಿತ್ತು. ಗಂಡಸರ ಮರ್ಯಾದೆಯೇ ಹೀಗೆ, ಯಾರಿಗೂ ಉಪಯೋಗವಿಲ್ಲ. ತಾನು ಬಂದರೆ ಅಳಿಯನಿಗೆ ತ್ರಾಸು ಎಂದುಕೊಂಡು ಮಲಕಪ್ಪ ಆಮೇಲೆ ಪುಣೆಯ ಕಡೆ ತಲೆ ಹಾಕಲೇ ಇಲ್ಲ.

೨೦೦೨ರಲ್ಲಿ ಅವನ ಮೊಣಕಾಲು ಕೆಟ್ಟಿತು. ಶಿವಾಜಿನಗರದ ಒಂದು ದವಾಖಾನೆಯಲ್ಲಿ ಹದಿನೆಂಟು ದಿನದ ಚಿಕಿತ್ಸೆ. ನೆಲದ ಮೇಲೆ ಮಲಗಕೂಡದು ಎಂದು ಡಾಕ್ಟರು ಹೇಳಿದ್ದರು. ಅವನು ಅಲ್ಲೇ ಹತ್ತಿರ ಲಾಡ್ಜ್ ನೋಡಿಟ್ಟು, ಊಟಕ್ಕಷ್ಟೇ ತಂಗಿಯ ಮನೆಗೆ ಬಂದ. ಅಂದು ಚಹಾಕ್ಕೆಂದು ಹೋದ ನಾನೂ ಅಲ್ಲೇ ಕುಳಿತಿದ್ದೆ.

ಲಾಡ್ಜ್ ಎಂಬ ಮಾತು ಕೇಳಿ ಚನ್ನಬಸವ್ವನ ಮುಖ ಕೆಂಪಾಯಿತು. ಊರವರೆಲ್ಲ ಅವಳ ಮನೆಯಲ್ಲಿ ಉಂಡು ಮಲಗಿ ಹೋಗಿದ್ದರು. ಒಡಹುಟ್ಟಿದವನೇ ಲಾಡ್ಜಿಗೆ ಹೋದರೆ ತವರಿನಲ್ಲಿ ಅವಳು ತಲೆ ಎತ್ತುವುದು ಹೇಗೆ?

"ಇಲ್ಲೇ ಇರು ಅಣ್ಣಾ. ಹಾಸಿಗಿ ಅದ."

"ನಾ ಮ್ಯಾಲ, ಅಳಿಯಾರು ಕೆಳಗ. ಅದೆಲ್ಲಾ ಆಗೂದಿಲ್ಲವ್ವಾ. ನಾ ಬರ್ತೀನಿ," ಎಂದು ಮಲಕಪ್ಪ ಚೀಲ ಎತ್ತಿಕೊಂಡ.

ಚನ್ನಬಸವ್ವ ಬಗ್ಗಿ ಸೋಫಾದ ಹಲಗೆಯನ್ನು ಎರಡೂ ಕೈಯಿಂದ ಜಗ್ಗಿದಳು. ಅದು ಬಾಗಿಲಿನವರೆಗೂ ಬಂದು ನಿಂತಿತು. ಆ ಮನೆಯ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಈಗ ಅದು ಒಂದು ಗೇಣಿಗಿಂತ ಹೆಚ್ಚು ತೆರೆಯುವಂತಿರಲಿಲ್ಲ. ಮಲಕಪ್ಪನೂ ಒಳಗೆ, ರಾಮಲಿಂಗಪ್ಪನೂ ಒಳಗೆ, ಚಹಾದ ಕಪ್ ಹಿಡಿದ ನಾನೂ ಒಳಗೆ.

"ಹೋಗು ಈಗ, ನೋಡ್ತೀನಿ. ಬಡಗ್ಯಾ ಒಬ್ಬರಿಗೆ ಆಗೂವಷ್ಟು ಸಾಕ ಅಂದಿದ್ದ. ನಾ ಬ್ಯಾಡ ಅಂದೆ. ನಿನ್ನ ಸಲುವಾಗೇ ಇಬ್ಬರ ಅಳತಿ ಕೊಟ್ಟ ಮಾಡಿಸೀನಿ. ಅಳಿಯಾನೂ ಮ್ಯಾಲ, ನೀನೂ ಮ್ಯಾಲ. ಯಾರ ಮರ್ಯಾದಿ ಕೆಳಗಾತು, ಹೇಳು."

ರಾಮಲಿಂಗಪ್ಪ ಜಾಣ. ಮೊದಲು ತಾನೇ ಹತ್ತಿ, ಗೋಡೆಯ ಕಡೆ ಸರಿದು ಕುಳಿತು, "ಬರ್ರಿ, ಬರ್ರಿ" ಎಂದ. ಮಲಕಪ್ಪ ಚೀಲ ಕೆಳಗಿಟ್ಟ. ಆಮೇಲೆ ಮೆಲ್ಲಗೆ ಕುಳಿತು ಕೆಟ್ಟ ಕಾಲನ್ನು ಚಾಚಿದ.

"ಮತ್ತ ನೀ ಎಲ್ಲಿ ಮಕ್ಕೋತಿ?"

"ಅಡಗಿ ಮನ್ಯಾಗ, ಹುಡುಗೂರ ಕೂಡ. ನಾಕ ವರ್ಷದಾಗ ಎಷ್ಟ ಮಂದಿ ಬಂದ ಹೋದ್ರೋ, ಇದನ್ನ ಕೇಳಿದಾಂವ ನೀ ಒಬ್ಬನ ನೋಡು."

ಹೇಳುವಾಗ ಅವಳ ದನಿ ಒಡೆಯಿತು. ಬಡಗಿಯನ್ನು ದಬಾಯಿಸಿದ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮಲಕಪ್ಪ ಚೀಲ ಬಿಚ್ಚಿ, ಮಡಿಸಿದ ಧೋತರ ತೆಗೆದು ತಂಗಿಯ ಕೈಗಿಟ್ಟು, "ಗೂಟಕ್ಕ ಹಾಕವ್ವಾ" ಎಂದ. ಹದಿನೆಂಟು ದಿನ ಆ ಧೋತರ ಆ ಮನೆಯ ಗೂಟದಲ್ಲೇ ಇತ್ತು.