ಬಾಂದು ಕಲ್ಲಿನ ಬುಡದ ಹೂವು

ಒಂದು ಹೂವಿಗಾಗಿ ತಲೆ ಒಡೆಸಿಕೊಂಡ ಗಂಡಸನ್ನು ನೀವು ಕಂಡಿದ್ದೀರಾ? ಹುಡುಗಿಯ ಮುಡಿಗೆಂದು ಕಿತ್ತ ಹೂವಲ್ಲ, ಸುಮ್ಮನೆ ನಗಬೇಡಿ.

ಮೊನ್ನೆ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಮೇಷ್ಟ್ರ ಅಂಗಿಯಲ್ಲೂ ಇದೇ ವಾಸನೆ. ಒಣಗಿಸಿದ ಗಿಡಗಳಿಗೆ ಹುಳು ಹಿಡಿಯದಿರಲೆಂದು ಇದನ್ನೇ ಇಡುತ್ತಿದ್ದರು. ಮಹಾರಾಜರ ಕಾಲ, ನಾನು ಲಂಗ ತೊಟ್ಟು ಓಡಾಡುತ್ತಿದ್ದ ವಯಸ್ಸು. ಅವರು ನಂಜನಗೂಡಿನಲ್ಲಿ ಪಾಠ ಹೇಳುತ್ತಿದ್ದರು. ರಜೆ ಬಂದರೆ ನರಸೀಪುರದ ದಾರಿಯುದ್ದಕ್ಕೂ ಗಿಡ ಹುಡುಕುತ್ತಾ ಬಂದು ನಮ್ಮ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

ಒಂದು ಮುಂಗಾರಿನಲ್ಲಿ ನಮ್ಮ ಹೊಲದ ಬದುವಿನಲ್ಲಿ ಅವರಿಗೊಂದು ಗಿಡ ಸಿಕ್ಕಿತು. ಗೇಣುದ್ದ, ನೂಲಿನಂಥ ದಂಟು, ನೆಲದೊಳಗೆ ಗೆಡ್ಡೆ. ಹೂವಿನ ಎಸಳುಗಳು ತುದಿಯಲ್ಲಿ ಕೂಡಿಕೊಂಡು ಪುಟ್ಟ ಪಂಜರವಾಗಿದ್ದವು. ಒಳಗೊಂದು ನೊಣ ಸಿಕ್ಕಿಬಿದ್ದಿತ್ತು. ಇಂಥದ್ದರ ಬಗ್ಗೆ ಇದುವರೆಗೆ ಯಾರೂ ಬರೆದಿಲ್ಲ ಎಂದರು. ಹೊಸ ಗಿಡವೆಂದು ಲೋಕಕ್ಕೆ ಸಾರಿ ಹೆಸರಿಡುವ ಮೊದಲು ಅದರ ಕಾಯಿಯನ್ನೂ ನೋಡಬೇಕು ಎನ್ನುವುದು ಅವರ ಹಟ. ಇದ್ದದ್ದು ಅದೊಂದೇ ಗಿಡವಾದ್ದರಿಂದ ಕೀಳದೆ, ಅಲ್ಲಿಯವರೆಗೆ ದನ ಮೇಯದಿರಲೆಂದು ಸುತ್ತ ಕಡ್ಡಿ ನೆಟ್ಟು ದಾರ ಕಟ್ಟಿದರು.

ಅದೇ ಎಡವಟ್ಟಾಯಿತು. ಗಿಡ ಹುಟ್ಟಿದ್ದು ಬಾಂದು ಕಲ್ಲಿನ ಬುಡದಲ್ಲಿ. ಕಲ್ಲಿನ ಈಚೆ ನಮ್ಮಪ್ಪನ ಹೊಲ, ಆಚೆ ದೊಡ್ಡಪ್ಪನದು. ಪಾಲಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಯಾರ ನೇಗಿಲೂ ತಾಗದ ಜಾಗವಾದ್ದರಿಂದಲೇ ಗಿಡ ಉಳಿದಿತ್ತೇನೋ…

ಎಳೆಗಾಯಿ ಮೂಡಿದ ದಿನ ಮೇಷ್ಟ್ರು ಮೊಣಕಾಲೂರಿ, ಅಳತೆಪಟ್ಟಿ ಹಿಡಿದು ಕೂತಿದ್ದರು. ಅಪ್ಪನಿಗೆ ಬುತ್ತಿ ತಂದಿದ್ದ ಅವ್ವ, ನಾನು ಅಲ್ಲೇ ಇದ್ದೆವು. ಅಪ್ಪ ಗುದ್ದಲಿ ಹಿಡಿದು ಬಂದ.

"ನಮ್ಮನೆ ಮಜ್ಜಿಗೆ ಕುಡ್ದು ನಮ್ಮಣ್ಣಂಗೆ ಒಲ ಅಳ್ದುಕೊಟ್ಟೀಯೇನ್ಲಾ?"

"ಹೂವು ಅಳೀತಿದ್ದೀನಿ ಕಣಪ್ಪ," ಎಂದರು ಮೇಷ್ಟ್ರು.

ಹೂವು ಅಳೆಯುವವರನ್ನು ನಮ್ಮೂರು ಕಂಡಿರಲಿಲ್ಲ. ಅಪ್ಪ ಗುದ್ದಲಿ ಕಾವಿನಿಂದ ಬೆನ್ನಿಗೆ ಬಾರಿಸಿದ. ದೊಡ್ಡಪ್ಪ ಓಡಿಬಂದ, ಬಿಡಿಸಲಿಕ್ಕೆ ಅಂದುಕೊಂಡೆ. ತಮ್ಮನೇ ಈ ಮನುಷ್ಯನನ್ನು ಕರೆಸಿ ಕಲ್ಲು ಸರಿಸುತ್ತಿದ್ದಾನೆ, ಈಗ ಆಡುತ್ತಿರುವುದು ನಾಟಕ ಎಂದು ಕೂಗುತ್ತಾ ಅವನೂ ದೊಣ್ಣೆಯಿಂದ ತಲೆಗೆ ಹೊಡೆದ. ವರ್ಷಗಟ್ಟಲೆ ಮಾತಾಡದ ಅಣ್ಣತಮ್ಮಂದಿರು, ಒಂದೇ ಒರಳಿಗೆ ಒನಕೆ ಹಾಕುವ ಹೆಂಗಸರಂತೆ, ಒಬ್ಬರಾದ ಮೇಲೆ ಒಬ್ಬರು ಕುಟ್ಟಿದರು.

ಮೇಷ್ಟ್ರು ತಲೆಗೆ ಕೈ ಅಡ್ಡ ಇಡಲಿಲ್ಲ. ಎರಡೂ ಕೈಯನ್ನು ಗಿಡದ ಮೇಲೆ ಕವುಚಿ ಬಗ್ಗಿದ್ದರು. ಅವರ ಬೆರಳು ಮುರಿದ ಸದ್ದು ನನಗೆ ಕೇಳಿಸಿತು, ಒಣಗಿದ ಜೋಳದ ದಂಟು ಮುರಿದ ಹಾಗೆ. ಅವ್ವ ಅಡ್ಡ ಬಿದ್ದು ಅವರನ್ನು ಈಚೆಗೆ ಎಳೆದಳು. ಅಪ್ಪ ನಿಲ್ಲಲಿಲ್ಲ, ಕಡ್ಡಿ, ದಾರ, ಗಿಡ ಎಲ್ಲವನ್ನೂ ಕೊಚ್ಚಿದ. ಗೆಡ್ಡೆ ಹೋಳಾಗಿ ಬಿಳಿ ರಸ ಸುರಿಯಿತು…

ಅವ್ವ ಗಾಯಕ್ಕೆ ಅರಿಸಿನ ಒತ್ತುತ್ತಿದ್ದರೆ ಅವರು ಕೇಳಿದ್ದು ಒಂದೇ.

"ಕಾಯಿ ಉಳೀತಾ ತಾಯಿ?"

ಆಮೇಲೆ ಪ್ರತಿ ಮುಂಗಾರಿಗೂ ಸೊಟ್ಟ ಬೆರಳಿನ ಮೇಷ್ಟ್ರು ಬದು ಬದು ಹುಡುಕಿದರು. ನಮ್ಮ ಬದುವಿಗೂ ಬಂದರು. ಅಪ್ಪ ಮುಖ ತಿರುಗಿಸಿಕೊಂಡು ನಿಂತ. ಅಂಥ ಗಿಡ ಮತ್ತೆ ಸಿಗಲಿಲ್ಲ. ವರ್ಗವಾಗಿ ಹೋದವರು ತೀರಿಕೊಂಡರೆಂದು ಯಾರೋ ಹೇಳಿದರು.

ಈಗ ಆ ಬದುವೂ ಇಲ್ಲ, ಗದ್ದೆಯಾಗಿದೆ. ಆ ಹೂವನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ಫೋನಿನಲ್ಲಿ ಬೆರಳಾಡಿಸುವುದನ್ನು ಕಲಿಸಿದ ಮೊಮ್ಮಗಳಿಗೆ ಎಲ್ಲ ಕಥೆ ಹೇಳಿ, ಇದರಲ್ಲಿ ಏನು ಬೇಕಾದರೂ ಸಿಗುತ್ತದಂತಲ್ಲ, ಆ ಹೂವನ್ನು ತೆಗೆದು ತೋರಿಸೇ ಅಂದೆ. ಹೆಸರು ಹೇಳು ಅಂದಳು. ಹೆಸರಿಲ್ಲ ಅಂದೆ.

"ಇಡೋಕೆ ನಿಮ್ಮಪ್ಪ ಎಲ್ಲಿ ಬಿಟ್ರು, ಅಜ್ಜಿ?"