ಎರಡನೇ ಜ್ವರ ಬಿಡುವ ತನಕ

ಬೆಳಗಿನ ಐದೂವರೆ. ಕತ್ತಲಗೆರೆಯ ಅಂಚಿನಲ್ಲಿರುವ ಚಾಕಿ ಮನೆಯಲ್ಲಿ ದ್ಯಾಮಮ್ಮ ಒಂದು ತಟ್ಟೆಯ ಮೇಲೆ ಬಗ್ಗಿ ಮೆಲ್ಲಗೆ ಉಸಿರು ಬಿಡುತ್ತಾರೆ. ತಟ್ಟೆಯ ತುಂಬ ಬೆರಳುಗುರಿನಷ್ಟು ಉದ್ದದ ರೇಷ್ಮೆಹುಳುಗಳು, ತಲೆ ಎತ್ತಿ ಕಲ್ಲಿನಂತೆ ಕೂತಿವೆ. ಜ್ವರ ಬಿಟ್ಟಿದ್ದರೆ ಆ ಉಸಿರಿಗೆ ತಲೆ ಆಡಿಸಬೇಕಿತ್ತು. ಒಂದೂ ಅಲುಗುವುದಿಲ್ಲ.

ಹೊರಗೆ ಬಿಳಿಚೋಡಿನ ಓಬಣ್ಣ ಬಾಡಿಗೆ ಟೆಂಪೊ ತಂದು ನಿಂತಿದ್ದಾರೆ. ಇದು ಅವರ ಮೊದಲ ಬೆಳೆ. ನೂರೈವತ್ತು ಮೊಟ್ಟೆ ಬುಕ್ ಮಾಡಿದ್ದಾರೆ. ಇಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟಿದ್ದಷ್ಟೂ ಲೆಕ್ಕ, ಸುಮಾರು ನಾನೂರು. ಅಲ್ಲಿಗೆ ಅರವತ್ತು ಸಾವಿರ ಹುಳು. ಅವು ಇವತ್ತು ಜಗಳೂರು ಸೀಮೆಯ ಅವರ ಊರಿಗೆ ಜೀವಂತ ತಲುಪಬೇಕು.

ಚಾಕಿ ಮನೆ ಎಂದರೆ ಮರಿಹುಳುಗಳ ಬಾಣಂತನದ ಮನೆ. ಮೊಟ್ಟೆಯೊಳಗೆ ಮರಿಯ ತಲೆ ಕಪ್ಪು ಚುಕ್ಕೆಯಾಗಿ ಕಂಡ ದಿನವೇ ದ್ಯಾಮಮ್ಮ ಅದನ್ನು ಕರಿ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಎರಡು ದಿನ ಬಿಟ್ಟು ಮುಂಜಾನೆ ಬೆಳಕಿಗೆ ತೆರೆದರೆ ಎಲ್ಲ ಒಟ್ಟಿಗೆ ಒಡೆಯುತ್ತವೆ. ಆಮೇಲೆ ಕೊಯ್ದ ಎಳೆ ಹಿಪ್ಪುನೇರಳೆ ಸೊಪ್ಪು, ದಿನಕ್ಕೆ ಎರಡು ಹೊತ್ತು. ಇಪ್ಪತ್ತೇಳು ಡಿಗ್ರಿ ಶಾಖ ಹಗಲೂ ರಾತ್ರಿ ಇಳಿಯಬಾರದು. ಹತ್ತೊಂಬತ್ತು ವರ್ಷದಿಂದ ಅವರಿಗೆ ಇದೇ ಕೆಲಸ. ಮೊಣಕಾಲು ನೋಯುತ್ತದೆ, ಬ್ಲೀಚಿಂಗ್ ನೀರಿಗೆ ಅಂಗೈ ಸುಲಿದಿದೆ. ಪತ್ರಿಕೆಗೆ ಬರೆಯಲು ಬಂದ ನಾನು ಅದನ್ನು ಕೇಳಿದರೆ ಮಾತು ತೇಲಿಸುತ್ತಾರೆ.

ಹುಳಕ್ಕೆ ಬರುವ ಜ್ವರ ಕಾಯಿಲೆಯಲ್ಲ. ಮೈ ಬೆಳೆದು ಚರ್ಮ ಸಾಲದಾದಾಗ ಅದು ಮೇವು ಬಿಟ್ಟು, ಕಾಲಿಗೆ ಎಳೆ ಸುತ್ತಿ ಅಂಟಿಕೊಂಡು, ಒಳಗೊಳಗೇ ಹೊಸ ಚರ್ಮ ಕಟ್ಟಿಕೊಳ್ಳುತ್ತದೆ. ಜೀವಮಾನದಲ್ಲಿ ನಾಲ್ಕು ಸಲ. "ರೇಷ್ಮೆ ಇಲಾಖೆ ಮೇಘಶ್ರೀ ಮೇಡಂ ಹೇಳ್ತಿದ್ರು, ಅದರ ಮೈಯಾಗೆ ಎರಡು ರಸ ಅದಾವಂತೆ. ಒಂದು ಚರ್ಮ ಬಿಡು ಅಂತೈತೆ, ಇನ್ನೊಂದು ಇನ್ನೂ ಮರಿಯಾಗೇ ಇರು ಅಂತೈತೆ. ಎರಡನೇದು ಬತ್ತಿದ ಮ್ಯಾಲೇ ಗೂಡು ಕಟ್ಟಾದು," ಎನ್ನುತ್ತಾರೆ ದ್ಯಾಮಮ್ಮ.

ಲೆಕ್ಕದ ಪ್ರಕಾರ ಎರಡನೇ ಜ್ವರ ನಿನ್ನೆಯೇ ಬಿಡಬೇಕಿತ್ತು. ಮಾಘದ ಚಳಿ ಎರಡು ದಿನ ಜೋರಾಗಿ ಬಿದ್ದು, ಒಳಗಿನ ಶಾಖ ನಿಲ್ಲದೆ ತಡವಾಗಿದೆ. ಈಗ ಅಲುಗಾಡಿದರೆ ಹಿಡಿತ ತಪ್ಪಿ ಹಳೆ ಚರ್ಮ ಕಳಚುವುದೇ ಇಲ್ಲ, ಹುಳು ಅದರೊಳಗೇ ಸಾಯುತ್ತದೆ.

"ಎರಡೂವರೆ ತಾಸಿನ ದಾರಿ ದ್ಯಾಮಮ್ಮ, ತಂಪೊತ್ತಿನಾಗೆ ಹೋಗ್ಲಿ," ಎನ್ನುತ್ತಾರೆ ಚಾಕಿ ಮನೆಯ ಮಾಲೀಕ ಗುರುಬಸವರಾಜ್. "ಹನ್ನೊಂದಕ್ಕೆ ಬಿಸಿಲು ಏರ್ತೈತೆ. ಗಾಡ್ಯಾಗೆ ಬೆಂದು ಹೋದ್ರೆ ಹೊಣೆ ಯಾರು? ಬುಕಿಂಗ್ ಚೀಟ್ಯಾಗೆ ಇವತ್ತಿನ ತಾರೀಕು ಐತೆ."

ಅವರ ಮಾತೂ ಸುಳ್ಳಲ್ಲ. ಅದೇ ಪೇಚು.

"ಹುಳಕ್ಕೆ ಚೀಟಿ ಓದಾಕೆ ಬರಲ್ಲ ಸಾವ್ಕಾರ್ರೇ. ಹೊಣೆ ನಂದು. ಸತ್ರೆ ನಾಳೆಯಿಂದ ನನ್ನ ಕರೀಬ್ಯಾಡ್ರಿ."

ಓಬಣ್ಣ ಬಾಗಿಲಲ್ಲಿ ಇಣುಕುತ್ತಾರೆ. "ಬಾಯಾಗೆ ತಂಬಾಕು ಐತೇನು ತಮ್ಮ? ಅದರ ಗಾಳಿ ತಾಗಿದ್ರೂ ಇವು ಉಳಿಯಲ್ಲ," ಎಂದು ದ್ಯಾಮಮ್ಮ ಅಲ್ಲಿಂದಲೇ ಗದರುತ್ತಾರೆ. ಓಬಣ್ಣ ಹಿತ್ತಲಿಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬರುತ್ತಾರೆ. "ಹುಳಕ್ಕೆ ಹಸಿವಾದ್ರೆ ಎದ್ದು ಓಡಲ್ವೇನಕ್ಕ?" ಎಂದು ಕೇಳುತ್ತಾರೆ.

"ಎಲ್ಲಿ ಓಡ್ತೈತೆ? ಸೊಪ್ಪು ಗೇಣುದ್ದ ದೂರ ಇದ್ರೂ ಹುಡುಕ್ಕೊಂಡು ಹೋಗಲ್ಲ, ಕೂತಲ್ಲೇ ಸಾಯ್ತೈತೆ. ಇದರ ಕಾಡಿನ ನೆಂಟ ಹಾರ್ತಾನೆ. ಇದು ಚಿಟ್ಟೆಯಾದ್ರೂ ಹಾರಲ್ಲ. ಸಾವಿರಾರು ವರ್ಷ ಮನ್ಯಾಗೆ ಸಾಕಿ ಸಾಕಿ ನಾವೇ ಹಿಂಗೆ ಮಾಡಿಟ್ಟೀವಿ. ಮಾಡಿದ ಮ್ಯಾಲೆ ಕಾಯಬೇಕಪ್ಪ."

ಏಳಾಯಿತು. ಏಳೂವರೆಗೆ ಟೆಂಪೊದವನು ಹಾರ್ನ್ ಒತ್ತುತ್ತಾನೆ. ಗುರುಬಸವರಾಜ್ ಅಂಗಳದಲ್ಲಿ ಅಡ್ಡಾಡುತ್ತಾರೆ. ದ್ಯಾಮಮ್ಮ ತಟ್ಟೆಯಿಂದ ತಟ್ಟೆಗೆ ಹೋಗಿ ಉಸಿರು ಬಿಡುತ್ತಾರೆ, ನೋಡುತ್ತಾರೆ, ಮತ್ತೆ ಬರುತ್ತಾರೆ. ಎಂಟೂಕಾಲಿಗೆ ಮೂಲೆಯ ತಟ್ಟೆಯಲ್ಲಿ ಒಂದು ಹುಳು ಹಳೆಯ ತಲೆಚಿಪ್ಪು ಉದುರಿಸಿ ತಲೆ ಆಡಿಸುತ್ತದೆ. ಅದರ ಬೆನ್ನಿಗೆ ಹತ್ತು, ನೂರು. ಆಗಲೂ ಅವರು ಬಿಟ್ಟುಕೊಡುವುದಿಲ್ಲ. ಮುಂದೆ ಎದ್ದವಕ್ಕೆ ಆಗಲೇ ಸೊಪ್ಪು ಬಿದ್ದರೆ ಹಿಂದೆ ಉಳಿದವು ಕೊನೆತನಕ ಹಿಂದೆಯೇ. ನೂರಕ್ಕೆ ತೊಂಬತ್ತೈದು ಏಳುವಾಗ ಒಂಬತ್ತೂವರೆ. ಒಂದು ಹೊತ್ತು ಸೊಪ್ಪು ಕೊಟ್ಟು, ಅಷ್ಟರಲ್ಲಿ ಉಳಿದವೂ ಎದ್ದ ಮೇಲೆ ಟೆಂಪೊದ ಸುತ್ತ ಒದ್ದೆ ಗೋಣಿಚೀಲ ಕಟ್ಟಿಸಿ ಕಳಿಸುವಾಗ ಬಿಸಿಲು ಚುರುಗುಟ್ಟುತ್ತಿದೆ.

ಮಧ್ಯಾಹ್ನ ದ್ಯಾಮಮ್ಮ ಉಣ್ಣುವುದಿಲ್ಲ. ಒಂದೂವರೆಗೆ ಓಬಣ್ಣನವರ ಫೋನ್ ಬರುತ್ತದೆ.

"ಎಷ್ಟು ಹೋದ್ವು?"

"ಎಣಿಸಿದೆ ಅಕ್ಕ. ಹನ್ನೊಂದು. ಉಳಿದಾವೆಲ್ಲ ಸೊಪ್ಪು ಕಡೀತದಾವೆ."

ದ್ಯಾಮಮ್ಮ ಆಗ ಉಣ್ಣಲು ಕೂರುತ್ತಾರೆ. ಇಷ್ಟು ಹಟ ಯಾಕೆ ಎಂದು ನಾನು ಕೇಳಿದಾಗ ಬಾಯಿ ಬಿಡುತ್ತಾರೆ. ಹನ್ನೆರಡು ವರ್ಷದ ಹಿಂದೆ ಬೇರೊಂದು ಚಾಕಿ ಮನೆಯಲ್ಲಿದ್ದಾಗ, ಅಲ್ಲಿಯ ಮಾಲೀಕರು ಜ್ವರದಲ್ಲಿದ್ದ ಹುಳುಗಳನ್ನೇ ಸಾಸ್ವೆಹಳ್ಳಿಗೆ ಸಾಗಿಸಿದರು. ಇವರಿಗೆ ಗೊತ್ತಿತ್ತು, ಕೆಲಸ ಹೋದೀತೆಂದು ಸುಮ್ಮನಿದ್ದರು. ಮೂರನೇ ದಿನ ಆ ಊರಿನ ಲಕ್ಷ್ಮಮ್ಮ ಎಂಬ ರೈತ ಹೆಂಗಸು ಸತ್ತ ಹುಳುಗಳ ತಟ್ಟೆ ತಂದು ಇವರ ಮುಂದಿಟ್ಟು, ಒಂದು ಮಾತೂ ಆಡದೆ ಹೊರಟುಹೋದರು.

"ಬೈದಿದ್ರೆ ಮರೀತಿದ್ದೆ," ಎನ್ನುತ್ತಾರೆ. ಫೋಟೋ ಬೇಡವೆಂದು ಸೆರಗು ಅಡ್ಡ ಹಿಡಿಯುತ್ತಾರೆ. "ಇವತ್ತು ದ್ಯಾಮಮ್ಮ ಬಾಯಿ ಬಿಟ್ಟು ಹೇಳಿದ್ಲು ಅಂತ ಬರೀರಿ, ಸಾಕು. ನಿಮ್ಮ ಪೇಪರ್ ಸಾಸ್ವೆಹಳ್ಳಿಗೂ ಹೋಗ್ತೈತಲ್ರೀ?"