ಮಧ್ಯಕ್ಕೆ ಬರುವ ಕಾಲು

...ಅಥವಾ ಎಡಗಡೆಯ ಹಲಗೆಯ ಮೇಲೆ ನಿಂತಿದ್ದವಳು ನಾನೇ ಇರಬಹುದು. ಇಪ್ಪತ್ತೈದು ವರ್ಷಗಳಿಂದ ನೆನಪಿನಲ್ಲಿರುವ ಆ ಚಿತ್ರವನ್ನು ಒಂದೇ ರೀತಿ ನೋಡುತ್ತ ಬಂದಿದ್ದೇನೆ: ಎಡಗಡೆ ಅಕ್ಕ, ಬಲಗಡೆ ನಾನು, ಎದುರಿಗೆ ಮಿನುಗುವ ಪರದೆ. ಆದರೆ ಆ ಚಿತ್ರದಲ್ಲಿ ನನ್ನ ಬೆನ್ನು ಕಾಣುತ್ತದೆ. ನನ್ನ ಬೆನ್ನನ್ನು ನಾನು ಹೇಗೆ ನೋಡಿದೆ? ಅಂದರೆ ಸ್ವಲ್ಪ ನಾನೇ ಕಟ್ಟಿಕೊಂಡಿದ್ದೇನೆ. ಎಷ್ಟು ಎಂಬುದೇ ತೊಂದರೆ.

ಖಚಿತವಾಗಿ ಹೇಳಬಹುದಾದದ್ದು ಕಡಿಮೆ. ತೊಂಬತ್ತರ ದಶಕದ ಕೊನೆ, ಸಾಂಟಾ ಕ್ಲಾರಾ. ಗಂಡನ ವೀಸಾದ ಮೇಲೆ ಬಂದಿದ್ದ ನನಗೆ ಕೆಲಸ ಮಾಡುವ ಹಾಗಿರಲಿಲ್ಲ. ಅದೇ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಮಂಡ್ಯ ಕಡೆಯವರೊಬ್ಬರಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರು. ಅಕ್ಕ ಎನ್ನುತ್ತಿದ್ದೆ, ಈಗಲೂ ಅಷ್ಟೆ. ಅವರ ಮಗಳು ಸ್ಕೂಲಿಗೆ ಹೋದ ಮೇಲೆ ಇಬ್ಬರೂ ಬಸ್ಸು ಹತ್ತಿ ಗ್ರೋಸರಿಗೆ ಹೋಗುತ್ತಿದ್ದೆವು. ಅಂಗಡಿಯ ಎದುರಿನ ಮಾಲಿನಲ್ಲಿ ವಿಡಿಯೊ ಗೇಮುಗಳ ಒಂದು ಹಾಲಿತ್ತು. ಜಪಾನಿನಿಂದ ಆಗಷ್ಟೇ ಬಂದಿದ್ದ ಕುಣಿತದ ಯಂತ್ರ ಇದ್ದದ್ದು ಅಲ್ಲಿ.

ಕೈಯಲ್ಲಿ ಹಿಡಿಯುವಂಥದ್ದು ಅದರಲ್ಲಿ ಏನೂ ಇಲ್ಲ. ನಿಲ್ಲಲು ಅಕ್ಕಪಕ್ಕ ಎರಡು ಲೋಹದ ಹಲಗೆಗಳು. ಒಂದೊಂದರ ಮೇಲೂ ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ಒಳಗಿನಿಂದ ಬೆಳಗುವ ನಾಲ್ಕು ಬಾಣಗಳು. ಪರದೆಯ ಮೇಲೆ ಕೆಳಗಿನಿಂದ ಬಾಣಗಳು ಏರುತ್ತವೆ. ಮೇಲಿನ ಗುರುತನ್ನು ಅವು ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಕಾಲಡಿಯ ಅದೇ ಬಾಣವನ್ನು ತುಳಿಯಬೇಕು. ಜಪಾನೀ ಹುಡುಗಿಯ ತೆಳು ದನಿಯ ಹಾಡು, ಅದರ ಹಿಂದೆ ಎದೆಗೆ ಗುದ್ದುವ ತಾಳ. ತಪ್ಪುತ್ತ ಹೋದರೆ ಯಂತ್ರದೊಳಗಿನ ಗಂಡಸಿನ ದನಿ ಇಂಗ್ಲಿಷಿನಲ್ಲಿ ಮೂದಲಿಸುತ್ತಿತ್ತು.

ನಾನು ಮೈಸೂರಿನಲ್ಲಿ ಹನ್ನೊಂದು ವರ್ಷ ಭರತನಾಟ್ಯ ಕಲಿತವಳು. ಮೊದಲ ದಿನ ಚಪ್ಪಲಿ ಕಳಚಿಟ್ಟು, ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕೆಲಸದವನು ಬಂದು ಬರಿಗಾಲಲ್ಲಿ ನಿಲ್ಲಬಾರದೆಂದ. ಚಪ್ಪಲಿ ಹಾಕಿಕೊಂಡು ನಿಂತೆ, ಎರಡನೆಯ ಹಾಡಿಗೇ ಸೋತೆ. ತಾಳ ತಪ್ಪಿದ್ದಕ್ಕಲ್ಲ. ನಾಟ್ಯದ ಮೂಲ ಹೆಜ್ಜೆಯಾದ ಅಡವಿನಲ್ಲಿ ಹೊರಗೆ ಚಾಚಿದ ಕಾಲು ಮತ್ತೆ ಮಂಡಿ ಬಾಗಿಸಿ ನಿಲ್ಲುವ ಅರೆಮಂಡಿಗೆ, ತನ್ನ ಜಾಗಕ್ಕೆ ಮರಳಬೇಕು. ಪ್ರತಿ ಬಾಣ ತುಳಿದ ಮೇಲೂ ನನ್ನ ಕಾಲು ಹಾಗೇ ಮಧ್ಯಕ್ಕೆ ಬರುತ್ತಿತ್ತು. ಮಧ್ಯದಲ್ಲಿ ಬಾಣವಿಲ್ಲ. ಅಷ್ಟರಲ್ಲಿ ಮುಂದಿನ ಎರಡು ಬಾಣಗಳು ಹೋಗಿಬಿಟ್ಟಿರುತ್ತಿದ್ದವು. ಸರದಿಗೆ ಕಾಯುತ್ತಿದ್ದ ಹೈಸ್ಕೂಲಿನ ಹುಡುಗಿಯೊಬ್ಬಳು, ನಡುವೆ ಏನೂ ಇಲ್ಲವಲ್ಲ, ಯಾಕೆ ಪ್ರತಿ ಸಲ ಅಲ್ಲಿಗೆ ಬರುತ್ತೀರಿ ಎಂದು ಕೇಳಿದಳು. ಅವಳ ಕೂದಲು ನೀಲಿ ಎಂದು ನೆನಪು. ಆ ನೀಲಿ ನಾನೇ ಆಮೇಲೆ ಬಳಿದದ್ದೂ ಇರಬಹುದು.

ಸ್ಕೂಲಿನಲ್ಲಿ ಕಲಿತ ಕೋಲಾಟ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಅಕ್ಕ ನಿಂತಲ್ಲಿಂದಲೇ ಮುಂದಿನ ಬಾಣಕ್ಕೆ ಹೋಗುತ್ತಿದ್ದರು. ಸೆರಗು ಸಿಕ್ಕಿಸಿಕೊಂಡು, ಒಂದೂ ತಪ್ಪದೆ. ಹೀಗೆಂದು ಎಷ್ಟು ಜನಕ್ಕೆ ಹೇಳಿದ್ದೇನೋ. ಹೇಳಿದಷ್ಟೂ ಅನುಮಾನ ಬೆಳೆದಿದೆ. ಶಾಸ್ತ್ರೀಯ ಕಲಿತವಳು ಸೋತಳು, ಕೋಲಾಟದವರು ಗೆದ್ದರು: ಇದು ಭಾಷಣಕ್ಕೆ ಒದಗುವ ಉದಾಹರಣೆ. ನಡೆದದ್ದು ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ.

ಈಚೆಗೆ ಅಕ್ಕನನ್ನೇ ಕೇಳಿದೆ.

"ನಾನೆಲ್ಲಮ್ಮಿ ಕುಣಿದೆ?" ಎಂದರು. "ನಿನ್ ಬ್ಯಾಗು ನನ್ ಬ್ಯಾಗು ಎಲ್ಡೂ ಹಿಡ್ಕಂಡು ನಿಂತಿದ್ದೆ. ಕೊತ್ತಂಬ್ರಿ ಬಾಡೋಯ್ತದೆ ಬಾರೆ ಅಂದ್ರೂ ನೀನು ಇಳೀನಿಲ್ಲ."

"ಇಲ್ಲ ಅಕ್ಕ, ನೀವು ನನಗಿಂತ ಚೆನ್ನಾಗಿ ಆಡ್ತಿದ್ರಿ."

"ಅದ್ಯಾರೋ ಬೇರೆಯವ್ರಿರ್ಬೇಕು. ನಿಂಗೆ ಎಲ್ರೂ ಒಂದೇ ತರ ಕಾಣ್ತಾರೆ."

ಇದನ್ನು ಕೇಳಲು ಕಾರಣವಿತ್ತು. ಅಕ್ಕನಿಗೆ ಈಗ ಪಾರ್ಕಿನ್ಸನ್ಸ್ ಕಾಯಿಲೆ. ಭಾವ ತೀರಿಕೊಂಡ ಮೇಲೆ ಮಗಳ ಜೊತೆ, ಸಾಂಟಾ ಕ್ಲಾರಾದಲ್ಲೇ ಇದ್ದಾರೆ. ಕಾಲಿನಲ್ಲಿ ಶಕ್ತಿ ಇದೆ, ಬಯಲಿನಲ್ಲಿ ನಡೆಯುತ್ತಾರೆ. ಬಾಗಿಲ ಬಳಿ ಬಂದರೆ ಮಾತ್ರ ಪಾದಗಳು ನೆಲಕ್ಕೆ ಅಂಟಿಕೊಳ್ಳುತ್ತವೆ. ಮಗಳು ವಾರಕ್ಕೆ ಮೂರು ದಿನ ಮೆನ್ಲೋ ಪಾರ್ಕಿನ ಆಫೀಸಿಗೆ ಹೋಗಬೇಕು. ಹಾಗೆ ಹೋಗಿದ್ದ ಒಂದು ದಿನ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸಿಕ್ಕಿಕೊಂಡು, ಅವಳು ಬರುವವರೆಗೂ ಚೌಕಟ್ಟು ಹಿಡಿದು ನಿಂತೇ ಇದ್ದರಂತೆ. ಆವತ್ತು ಮಗಳು ತೀರ್ಮಾನಿಸಿದಳು: ಒಬ್ಬರೇ ಆ ಬಾಗಿಲು ದಾಟಲು ಆಗದಿದ್ದರೆ, ಆಫೀಸಿನ ದಿನಗಳಲ್ಲಿ ಅಮ್ಮ ವಯಸ್ಸಾದವರನ್ನು ನೋಡಿಕೊಳ್ಳುವ ಸೆಂಟರಿಗೆ ಹೋಗಬೇಕು.

"ನಿನ್ನ ಡೇಕೇರಿಗೆ ಬಿಟ್ಟಾಗ ನೀನು ಒಂದು ವಾರ ಅತ್ತಿದ್ದೆ," ಎಂದರಂತೆ ಅಕ್ಕ. "ಅದ್ಕೇ ಈಗ ತೀರಿಸ್ಕತಾ ಇದೀಯ."

ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಒಂದು ಉಪಾಯ ಹೇಳಿದ್ದಳು. ನೆಲದ ಮೇಲೆ ಗುರುತು ಮಾಡಿ, ಅದನ್ನು ನೋಡಿಕೊಂಡು ತುಳಿಯುತ್ತ ಹೋದರೆ ಕೆಲವರಿಗೆ ಕಾಲು ಬಿಡುತ್ತದೆ. ಫೋನಿನಲ್ಲಿ ಮಗಳು ಇದನ್ನು ಹೇಳುತ್ತಿದ್ದಂತೆ ನನಗೆ ಆ ಯಂತ್ರ ಹೊಳೆಯಿತು. ಅಕ್ಕನನ್ನು ಆ ಕುಣಿತದ ಬಗ್ಗೆ ಕೇಳಿದ್ದು ಆಗಲೇ. ಶನಿವಾರ ಮಧ್ಯಾಹ್ನ ನೀಲಿ ಟೇಪು, ಕತ್ತರಿ ಹಿಡಿದು ಹೋದೆ.

ಹಾಲಿನ ಮರದ ನೆಲ ಮುಗಿದು ಅಡುಗೆಮನೆಯ ಟೈಲ್ಸ್ ಶುರುವಾಗುವ ಕಡೆ ಒಂದು ಲೋಹದ ಪಟ್ಟಿಯಿದೆ. ಅಕ್ಕ ನಿಲ್ಲುವುದು ಅಲ್ಲಿ. ನಾನು ಮಂಡಿಯೂರಿ ಕೂತು ಸೋಫಾದಿಂದ ಒಲೆಯವರೆಗೆ ಟೇಪಿನ ಬಾಣಗಳನ್ನು ಅಂಟಿಸಿದೆ. ಅಂಟಿಸುವಾಗ ಖುಷಿಯಾಗಿದ್ದೆ. ಅದನ್ನು ಇಲ್ಲಿ ಬರೆಯಲು ನಾಚಿಕೆ.

ಮಗಳು ಹಿಡಿತದ ಶೂ ತಂದಳು.

"ಶೂ ಹಾಕ್ಕಂಡು ಒಲೆ ಮುಂದಕ್ಕೆ ಹೋಗದಾ?" ಎಂದರು ಅಕ್ಕ.

"ಅಮ್ಮ, ಇಟ್ಸ್ ಫಾರ್ ಗ್ರಿಪ್."

"ಗ್ರಿಪ್ಪು ನಿಂಗಿರ್ಲಿ. ಕಾಲುಚೀಲ ಕೊಡು."

ಅಡಿಯಲ್ಲಿ ರಬ್ಬರು ಚುಕ್ಕಿಗಳಿದ್ದ ಕಾಲುಚೀಲಕ್ಕೆ ಇಬ್ಬರೂ ಒಪ್ಪಿದರು. ಅಕ್ಕ ಹೊರಟರು. ಮೊದಲ ಬಾಣ, ಎರಡನೆಯದು, ಮೂರನೆಯದು. ಲೋಹದ ಪಟ್ಟಿಯ ಮುಂದೆ ಎರಡೂ ಪಾದ ಜೋಡಿಸಿದವರು ಹಾಗೇ ನಿಂತುಬಿಟ್ಟರು. ಮಂಡಿ ನಡುಗುತ್ತಿತ್ತು, ಪಾದ ಏಳಲಿಲ್ಲ. ಹಿಂದಕ್ಕೆ ಕರೆತಂದು ಮತ್ತೆ ಹೊರಡಿಸಿದೆವು. ಅಲ್ಲೇ ನಿಂತರು. ಮೂರನೆಯ ಸಲ ಅಕ್ಕ ನನ್ನ ಮುಖ ನೋಡಲಿಲ್ಲ. ಮಗಳು ತನ್ನ ಫೋನಿನಲ್ಲಿ ಏನನ್ನೋ ತೆರೆದಳು. ಆ ಸೆಂಟರಿನ ಪುಟ ಎಂದುಕೊಂಡೆ, ನೋಡಿದ್ದಲ್ಲ.

ಆಮೇಲೆ ಅವಳು ನೆಲ ನೋಡಿ ಕೇಳಿದಳು: "ಆಂಟಿ, ವೈ ಡಸ್ ಶಿ ಸ್ಟಾಪ್ ಆಫ್ಟರ್ ಎವ್ರಿ ಸ್ಟೆಪ್?"

ನಾನೂ ನೋಡಿದೆ. ಪ್ರತಿ ಬಾಣದ ಆಚೆ ಒಂದು ಚೌಕ ಅಂಟಿಸಿದ್ದೆ, ಎರಡು ಪಾದ ಜೋಡಿಸಿ ನಿಲ್ಲಲು. ಯಾರೂ ಹೇಳಿರಲಿಲ್ಲ. ಕಾಲು ಮುಂದೆ ಹೋದ ಮೇಲೆ ಜಾಗಕ್ಕೆ ಬರಲೇಬೇಕೆಂದು ನನ್ನ ಕೈ ತಾನಾಗಿಯೇ ಚೌಕಗಳನ್ನು ಕತ್ತರಿಸಿತ್ತು. ಪಾದ ಕೂಡಿದ ಕಡೆಯೇ ಅಂಟಿಕೊಳ್ಳುವ ಕಾಯಿಲೆಯವರಿಗೆ, ಹೆಜ್ಜೆಹೆಜ್ಜೆಗೂ ಪಾದ ಕೂಡಿಸುವ ದಾರಿ ಹಾಕಿಕೊಟ್ಟಿದ್ದೆ.

ಉಗುರಿನಿಂದ ಒಂದೊಂದಾಗಿ ಕಿತ್ತೆ. ಅಕ್ಕ ಸೋಫಾದ ಮೇಲೆ ಕೂತು ನೋಡುತ್ತಿದ್ದರು.

"ಅಂಟಿಸದು, ಕೀಳದು. ಇವಳಿಗೆ ಮನೇಲಿ ಕೆಲ್ಸ ಇಲ್ಲ ಕಣೆ," ಎಂದು ಮಗಳಿಗೆ ಹೇಳಿದರು.

ಚೌಕಗಳು ಹೋದ ಮೇಲೆ ಬಾಣಗಳನ್ನು ಎಡಕ್ಕೊಂದು ಬಲಕ್ಕೊಂದು ಸರಿಸಿದೆ. ಒಂದು ಬಾಣ ಲೋಹದ ಪಟ್ಟಿಯ ಈಚೆ, ಮುಂದಿನದು ಟೈಲ್ಸಿನ ಮೇಲೆ. ಮಗಳು ಆ ಕಾಲದ ಜಪಾನೀ ಹಾಡೊಂದನ್ನು ಫೋನಿನಲ್ಲಿ ಹುಡುಕಿ ಹಾಕಿದಳು. ಆ ಯಂತ್ರದ್ದೇ ಹಾಡೋ ಅಲ್ಲವೋ, ನಾನು ಹೌದೆಂದು ತಲೆಯಾಡಿಸಿದೆ. ನಾನು ಎಣಿಸತೊಡಗಿದೆ: ತಕ, ದಿಮಿ, ತಕ, ದಿಮಿ. ಅಕ್ಕ ಎದ್ದು ಹೊರಟರು.

"ಆ ಚೀರಾಟ ನಿಲ್ಸೇ," ಎಂದರು ಮಗಳಿಗೆ. ಇನ್ನೊಂದು ಹೆಜ್ಜೆ ಇಟ್ಟು, "ನೀನೂ ಸಾಕ್ಮಾಡು ನಿನ್ ತಕದಿಮಿ, ತಲೆ ತಿಂತೀಯ," ಎಂದರು ನನಗೆ. ಹಾಗೆ ಬೈಯುತ್ತಲೇ ಪಟ್ಟಿಯನ್ನು ದಾಟಿ, ಒಲೆಯ ಮುಂದೆ ಹೋಗಿ ನಿಂತು, ಹಿಂತಿರುಗಿ ನಮ್ಮಿಬ್ಬರನ್ನು ನೋಡಿದರು. ಕಾಫಿ ಇಡಲಾ ಎಂದು ಕೇಳಿದರು.

ಚೌಕಗಳನ್ನು ಕಿತ್ತ ಮೇಲೆ ಆ ಮಧ್ಯಾಹ್ನ ಆರು ಸಲ ಹೊರಟರು. ನಾಲ್ಕು ಸಲ ದಾಟಿದರು, ಎರಡು ಸಲ ನಿಂತರು. ಮಗಳಿಗೆ ನಾಲ್ಕು ಸಾಲಲಿಲ್ಲ. ಅಕ್ಕನಿಗೆ ಎರಡು ಲೆಕ್ಕಕ್ಕೇ ಬರಲಿಲ್ಲ. ಕೊನೆಗೆ ಎರಡು ವಾರ ನೋಡೋಣ ಎಂದಾಯಿತು. ಅಡುಗೆಮನೆಯಲ್ಲಿ ಕ್ಯಾಮೆರಾ ಇಡುತ್ತೇನೆ ಎಂದಳು ಮಗಳು. ನಾನು ನಿಲ್ಲೋದನ್ನ ಆಫೀಸಲ್ಲಿ ಕೂತು ಸಿನಿಮಾ ಥರ ನೋಡ್ತೀಯಾ ಎಂದು ಅಕ್ಕ ಒಪ್ಪಲಿಲ್ಲ.

ಮಂಗಳವಾರ ಮಗಳು ಆಫೀಸಿಗೆ ಹೋದಳು. ಹನ್ನೊಂದು ಗಂಟೆಗೆ ಫೋನ್ ಮಾಡಿದೆ, ಅಕ್ಕ ಎತ್ತಲಿಲ್ಲ. ಕಾರಿನ ಕೀ ತೆಗೆದುಕೊಂಡೆ, ಇಟ್ಟೆ, ಮತ್ತೆ ತೆಗೆದುಕೊಂಡೆ. ಹನ್ನೆರಡೂಕಾಲಿಗೆ ಅವರೇ ಮಾಡಿದರು. ಹಿಂದೆ ಕುಕ್ಕರು ಕೂಗುತ್ತಿತ್ತು.

"ದಾಟಿದೆ ಕಣಮ್ಮಿ," ಎಂದರು. "ಸಾರಿಗೆ ಬೇಳೆ ಇಟ್ಟಿವ್ನಿ."

"ಹನ್ನೊಂದಕ್ಕೆ ಮಾಡಿದ್ದೆ, ಯಾಕೆ ಎತ್ತಲಿಲ್ಲ? ಎಷ್ಟು ಹೊತ್ತು ನಿಂತಿದ್ರಿ ಅಕ್ಕ?"

"ನಿಂಗ್ಯಾಕದು? ದಾಟಿದೆ ಅಂದ್ನಲ್ಲ."

ಸಂಜೆ ಮಗಳು ಆಫೀಸಿನಿಂದ ನನಗೆ ಫೋನ್ ಮಾಡಿ, ಅಮ್ಮ ಹೇಗಿದ್ದರು ಎಂದು ಕೇಳಿದಳು. ದಾಟಿದರು ಎಂದೆ. ಹನ್ನೊಂದರಿಂದ ಹನ್ನೆರಡೂಕಾಲಿನವರೆಗಿನ ಮಾತನ್ನು ಹೇಳಲಿಲ್ಲ. ಅಕ್ಕ ಆಗ ಸ್ನಾನ ಮಾಡುತ್ತಿದ್ದರೋ, ಮಲಗಿದ್ದರೋ, ಚೌಕಟ್ಟು ಹಿಡಿದು ನಿಂತಿದ್ದರೋ ನನಗೆ ಗೊತ್ತಿಲ್ಲ. ಹೇಳದೆ ಇದ್ದದ್ದು ಸರಿಯೋ ತಪ್ಪೋ ಅದೂ ಗೊತ್ತಿಲ್ಲ.